ನೀಲಿ ಕುಲಾಯಿ

ಡ್ರೋನ್ ನಿಂತಲ್ಲಿ ನಿಲ್ಲಲಿಲ್ಲ.

ಮೆಕ್ಕೆಜೋಳದ ಸೂಲಂಗಿಗಿಂತ ಆಳೆತ್ತರ ಮೇಲೆ ಅದನ್ನು ನಿಲ್ಲಿಸಿ ಪ್ರಿಯಾ ರಿಮೋಟಿನ ಎರಡೂ ಕಡ್ಡಿಗಳಿಂದ ಹೆಬ್ಬೆರಳು ತೆಗೆದಿದ್ದಳು. ಕೈ ಬಿಟ್ಟರೆ ಕಂಬಕ್ಕೆ ಕಟ್ಟಿದ ಹಾಗೆ ಅದು ಅಲ್ಲೇ ನಿಲ್ಲಬೇಕು. ಬದಲಿಗೆ ಮೆಲ್ಲಗೆ ಎಡಕ್ಕೆ ವಾಲಿತು. ವಾಲಿದ್ದನ್ನು ಸರಿಪಡಿಸಿಕೊಳ್ಳಲು ಹೋಗಿ ಮುಂದಕ್ಕೆ ಜಾರಿತು, ಜಾರಿದ್ದನ್ನು ಸರಿಪಡಿಸಿಕೊಳ್ಳಲು ಹೋಗಿ ಬಲಕ್ಕೆ ಸರಿಯಿತು. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತಿನ ಹಾಗೆ ಸುತ್ತತೊಡಗಿತು. ಮೊದಲ ಸುತ್ತು ಒಂದು ಮಾರು, ಮುಂದಿನದು ಮೂರು ಮಾರು, ಅದರ ಮುಂದಿನದು ಹೊಲದ ಬದುವನ್ನೇ ದಾಟಿತು. ಮೇಟಿ ಮಾತ್ರ ಎಲ್ಲಿಯೂ ಇರಲಿಲ್ಲ.

"ಅಕ್ಕಾರ, ಕರೆಂಟ್ ತಂತಿ!" ಬದುವಿನ ಮೇಲಿಂದ ಹಂಪೇಶ್ ಕೂಗಿದ.

ಯಂತ್ರ ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ಬಿಡಿಸಿ ಪ್ರಿಯಾ ಅದನ್ನು ಪೂರ್ತಿ ಕೈ ಹಿಡಿತಕ್ಕೆ ತಂದಳು. ಆಮೇಲಿನ ಅರ್ಧ ನಿಮಿಷ ಅವಳಿಗೆ ಬೇರೇನೂ ಕಾಣಲಿಲ್ಲ, ಕೇಳಲಿಲ್ಲ. ತಂತಿಯಿಂದ ಹಿಂದಕ್ಕೆಳೆದು, ಪಕ್ಕದ ಗುರುಸಂಗಪ್ಪನ ಸೂರ್ಯಕಾಂತಿಯ ನಡುವೆ ಇಳಿಸಿದಾಗ ನಾಲ್ಕಾರು ಹೂವಿನ ತಲೆಗಳು ರೆಕ್ಕೆಗೆ ಸಿಕ್ಕು ಸಿಡಿದವು.

ಹೊಲದ ಯಜಮಾನ ವೀರಭದ್ರಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದರು. "ಏನವ್ವಾ ಇದು, ಹೊಸದಾಗಿ ನೊಗಕ್ಕ ಹೂಡಿದ ಹೋರಿ ಹಂಗ ಮಾಡ್ತತಿ? ನನ್ನ ಹುಳಕ್ಕ ಹೊಡಿ ಅಂದ್ರ ಗುರುಸಂಗಪ್ಪನ ಹೂವಿಗೆ ಹೊಡೀತಲ್ಲ."

"ಕಂಪಾಸ್ ತಪ್ಪೈತ್ರಿ ಅಯ್ನೋರ."

"ಮ್ಯಾಲೆ ಉಪಗ್ರಹ ಅದಾವು, ಅವು ದಾರಿ ತೋರಸ್ತಾವು ಅಂತ ಹೋದ್ಸಲ ನೀನ ಹೇಳಿದ್ದಿ."

"ಉಪಗ್ರಹ ಎಲ್ಲಿ ಅದೀಯ ಅಂತ ಹೇಳ್ತಾವ್ರಿ. ಮುಖ ಯಾವ ಕಡಿ ಐತಿ ಅಂತ ಹೇಳೋದು ಕಂಪಾಸು." ನಡುಗುವ ಕೈಗಳನ್ನು ಅವಳು ರಿಮೋಟಿನ ಹಿಂದೆ ಬಚ್ಚಿಟ್ಟುಕೊಂಡಳು. "ಈಗ ನಿಮ್ಮ ಕಣ್ಣು ಕಟ್ಟಿ, ಗರಗರ ತಿರುಗಿಸಿ ಬಿಟ್ಟು, ಮೂಡಲಕ್ಕ ಎರಡು ಹೆಜ್ಜಿ ಇಡ್ರಿ ಅಂದ್ರ ನೀವು ಮೂಡಲ ಅನ್ಕೊಂಡು ತೆಂಕಲಕ್ಕ ಇಡ್ತೀರಿ. ತಪ್ಪಾತು ಅಂತ ತಿದ್ಕೊಳ್ಳಾಕ ಹೋಗಿ ಪಡುವಲಕ್ಕ ಇಡ್ತೀರಿ. ಹಂಗ ಸುತ್ತತೈತಿ ಅದು."

"ನನ್ನ ಕಣ್ಣ್ಯಾಕ ಕಟ್ತಿ ಬಿಡವ್ವಾ, ಮೊದಲ ಪೊರಿ ಬಂದೈತಿ." ಅಯ್ಯನೋರು ನಕ್ಕರು. ಆಮೇಲೆ ನಗುವನ್ನು ಅರ್ಧಕ್ಕೇ ನಿಲ್ಲಿಸಿ, "ಅದರ ಕಣ್ಣು ಕಟ್ಟಿದೋರು ಯಾರು? ಅದನ್ನ ಹೇಳು," ಎಂದರು.

ಪ್ರಿಯಾ ಹಂಪೇಶನನ್ನು ನೋಡುತ್ತಿದ್ದಳು. ಅವನು ಸೂರ್ಯಕಾಂತಿಯೊಳಗೆ ಇಳಿದು ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಅದರ ಬೆನ್ನ ಮೇಲಿನ ಗೇಣುದ್ದದ ಕೋಲಿಗೆ ನೀಲಿ ಕುಲಾಯಿ ತೊಟ್ಟ ಅಣಬೆಯಂಥ ತಲೆ. ಕಂಪಾಸ್ ಇರುವುದು ಆ ತಲೆಯಲ್ಲಿ. ಹಂಪೇಶನ ಎಡಗೈ ಅದರ ಮೇಲೇ ಇತ್ತು. ಉಂಗುರ ಬೆರಳಿನಲ್ಲಿ ಕುದುರೆ ಲಾಳದಿಂದ ಮಾಡಿಸಿದ ಕಪ್ಪು ಉಂಗುರ.

ತಂಬ್ರಹಳ್ಳಿಯ ಮಹಿಳಾ ಒಕ್ಕೂಟಕ್ಕೆ ಆ ಡ್ರೋನ್ ಬಂದು ಒಂಬತ್ತು ತಿಂಗಳಾಗಿತ್ತು. ಬಿ.ಎಸ್ಸಿ. ಓದಿ ಮನೆಯಲ್ಲಿ ಕೂತಿದ್ದ ಪ್ರಿಯಾ ಹದಿನೈದು ದಿನ ತರಬೇತಿ ಮುಗಿಸಿ, ಪರೀಕ್ಷೆ ಬರೆದು, ಫೋಟೊ ಇರುವ ಲೈಸೆನ್ಸ್ ಹಿಡಿದು ಬಂದಿದ್ದಳು. ಅವಳ ಓಣಿಯಲ್ಲಿ ಮೊದಲು ಹೊಲಕ್ಕೆ ಹೋಗುತ್ತಿದ್ದವರು ಕಳೆ ತೆಗೆಯುವ ಕುರ್ಪಿ ಹಿಡಿದು ಹೋಗುತ್ತಿದ್ದರು. ಈಗ ಹಂಪಸಾಗರದಿಂದ ಹಿಡಿದು ಅತ್ತ ಹಲವಾಗಲಿನವರೆಗೂ ರೈತರು ಫೋನ್ ಮಾಡಿ, "ಮೇಡಂ, ನಮ್ಮ ಪಾಳಿ ಯಾವಾಗ್ರಿ?" ಎಂದು ಕೇಳುತ್ತಿದ್ದರು. ಮೇಡಂ ಎಂಬ ಆ ಮಾತನ್ನು ಯಾರು ಯಾವ ದನಿಯಲ್ಲಿ ಆಡುತ್ತಾರೆ ಎಂಬುದನ್ನು ಪ್ರಿಯಾ ಗಮನಿಸದೆ ಬಿಡುತ್ತಿರಲಿಲ್ಲ. ಹೊಲದಲ್ಲಿ ಚಹಾ ಕೊಟ್ಟರೆ ಉಳಿದವರಿಗೆ ಯಾವ ಲೋಟ, ತನಗೆ ಯಾವ ಲೋಟ ಎಂದು ನೋಡುತ್ತಿದ್ದಳು. ನೋಡುವುದು ಬೇಡವೆಂದು ನೀರಿನ ಬಾಟಲಿಯನ್ನು ಮನೆಯಿಂದಲೇ ಒಯ್ಯುತ್ತಿದ್ದಳು.

ಹಂಪೇಶನದು ಗೂಡ್ಸ್ ಆಟೋ. ನಲವತ್ತು ದಾಟಿದವನು, ಮಾತು ಕಡಿಮೆ. ಒಕ್ಕೂಟದ ಅಧ್ಯಕ್ಷೆ ಗಂಗಾಂಬಿಕಾಳ ಗಂಡನಿಗೆ ದೂರದ ತಮ್ಮನಾಗಬೇಕು. ಡ್ರೋನ್, ಬ್ಯಾಟರಿ, ನೀರಿನ ಡ್ರಮ್ಮು ಎಲ್ಲವನ್ನೂ ಹೊತ್ತು ತರುವುದು, ಇಳಿಸುವುದು, ಪ್ರಿಯಾಳ ಜೊತೆ ಕೈಜೋಡಿಸುವುದು ಅವನ ಕೆಲಸ. ಹೊಸ ಊರಿನ ಹೊಲಕ್ಕೆ ಹೋದಾಗಲೆಲ್ಲ ಹಾರಿಸುವ ಮುಂಚೆ ಕಂಪಾಸಿಗೆ ದಿಕ್ಕು ತೋರಿಸಬೇಕು. ಇಬ್ಬರೂ ಎರಡು ಕಡೆ ಹಿಡಿದೆತ್ತಿ, ಒಮ್ಮೆ ಮಟ್ಟಸವಾಗಿ ಒಂದು ಸುತ್ತು, ಒಮ್ಮೆ ಮೂಗು ನೆಲಕ್ಕೆ ಮಾಡಿ ಒಂದು ಸುತ್ತು ತಿರುಗಬೇಕು. ಅಷ್ಟರೊಳಗೆ ಮೊಬೈಲು, ಕೀಲಿಕೈ, ಪಿನ್ನು, ಬಳೆ ಎಲ್ಲ ಪ್ಲಾಸ್ಟಿಕ್ ಬುಟ್ಟಿಗೆ ಬಿದ್ದು ಮೂವತ್ತು ಹೆಜ್ಜೆ ದೂರ ಹೋಗಬೇಕು. ಇದು ಪ್ರಿಯಾಳ ಕಟ್ಟಪ್ಪಣೆ. ಹಂಪೇಶ್ ತನ್ನ ಮೊಬೈಲ್ ಹಾಕುತ್ತಿದ್ದ, ಕೀಲಿ ಹಾಕುತ್ತಿದ್ದ. ಉಂಗುರ ಹಾಕುತ್ತಿರಲಿಲ್ಲ. "ಬೆರಳು ದಪ್ಪ ಆಗೇತ್ರಿ, ಬರಂಗಿಲ್ಲ," ಎನ್ನುತ್ತಿದ್ದ.

ತಿರುಗಿಸಿದ ಮೇಲೆ ಪ್ರಿಯಾ ಮಾಸ್ಕು, ಕೈಗವಸು ಹಾಕಿಕೊಂಡು ಔಷಧ ಕಲಸಲು ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ಹಂಪೇಶ್ ಯಂತ್ರದ ಮೈ ಒರೆಸಿ, ಟ್ಯಾಂಕ್ ತುಂಬಿ, ಅಣಬೆಯ ತಲೆಗೆ ನೀಲಿ ಕುಲಾಯಿ ತೊಡಿಸುತ್ತಿದ್ದ. ಕುಲಾಯಿ ಪ್ರಿಯಾಳ ಅತ್ತೆ ಪಕ್ಕೀರಮ್ಮ ಹೊಲಿದದ್ದು. ಯುಗಾದಿಯ ಹೊತ್ತಿಗೆ ಯಂತ್ರದ ತಲೆಗೆ ಧೂಳು, ಔಷಧದ ಹನಿ ಕೂರುತ್ತದೆ ಎಂದು ಸೊಸೆ ಗೊಣಗಿದ್ದನ್ನು ಕೇಳಿ, ಏಪ್ರಿಲ್ ಹದಿನಾಲ್ಕರ ಬಾವುಟಕ್ಕೆ ತಂದ ಬಟ್ಟೆಯಲ್ಲಿ ಉಳಿದ ತುಂಡಿನಿಂದ, ಕೂಸಿನ ಕುಲಾಯಿಯ ಅಳತೆಗೇ ಹೊಲಿದುಕೊಟ್ಟಿದ್ದಳು. ಮುಂಗಾರಿಗೆ ಅದರ ಲಾಡಿ ಕಿತ್ತುಹೋದಾಗ ಒಯ್ದು, ತೊಳೆದು, ರಿಪೇರಿ ಮಾಡಿ ಆಟೋದಲ್ಲಿಟ್ಟಿದ್ದಳು. "ಇದಕ್ಕ ನೀಲಿ ಯಾಕವ್ವಾ, ಕೆಂಪು ಸಿಗಲಿಲ್ಲೇನು?" ಎಂದು ವೀರಭದ್ರಯ್ಯನವರು ಒಮ್ಮೆ ಕೇಳಿದ್ದರು. ಆ ಮಾತನ್ನು ಪ್ರಿಯಾ ಒಂದು ವಾರ ತಲೆಯಲ್ಲಿ ಹೊತ್ತು ತಿರುಗಿದ್ದಳು.

ಮೊದಲ ಸಲ ಹೀಗಾದದ್ದು ಜುಲೈ ಕೊನೆಗೆ, ಹಂಪಸಾಗರದಲ್ಲಿ. ಆಗ ಡ್ರೋನ್ ಹತ್ತಿಯ ಹೊಲದ ಮೇಲೆ ನಾಲ್ಕು ಸುತ್ತು ಹಾಕಿ ಬೇಲಿಗೆ ಬಡಿದು ಒಂದು ರೆಕ್ಕೆ ಮುರಿದುಕೊಂಡಿತ್ತು. ಹರಪನಹಳ್ಳಿಯಿಂದ ರಿಪೇರಿಯ ಶ್ರೀನಿವಾಸ ಬಂದು ಒಕ್ಕೂಟದ ಅಂಗಳದಲ್ಲೇ ಯಂತ್ರ ಬಿಚ್ಚಿ, ಕಟ್ಟಿ, ಹಾರಿಸಿ ನೋಡಿದ್ದ. ಅದು ಗೋಡೆಗೆ ಹೊಡೆದ ಮೊಳೆಯ ಹಾಗೆ ಗಾಳಿಯಲ್ಲಿ ನಿಂತಿತ್ತು. "ಮಿಷಿನ್ ಚೆನ್ನಾಗೈತೆ ಮೇಡಂ," ಎಂದಿದ್ದ ಅವನು ಹೊರಡುವಾಗ. "ಯಾರೋ ಹತ್ರ ಕಬ್ಬಿಣಾನೋ, ಮ್ಯಾಗ್ನೆಟ್ಟೋ ತರ್ತಾ ಇದಾರೆ. ಜೊತೇಲಿ ಇರೋರ ಮೇಲೆ ಒಂದು ಕಣ್ಣಿಡಿ."

ಆಮೇಲೆ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ಹಾರಿಸಿದ್ದು ಇದೇ ಮೊದಲು, ವೀರಭದ್ರಯ್ಯನವರ ಹೊಲದಲ್ಲಿ.

ಎರಡು ಸಲ ತಪ್ಪಾಗಿತ್ತು. ಮೂರನೆಯದಾದರೆ ಡ್ರೋನನ್ನು ಬೇರೆಯವರ ಕೈಗೆ ಕೊಡಬೇಕು ಎಂಬುದು ಒಕ್ಕೂಟದ ಕರಾರು. ಬೇರೆಯವರು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಗಂಗಾಂಬಿಕಾಳ ಸೊಸೆ ಚಂದನಾ ಕಳೆದ ತಿಂಗಳಷ್ಟೇ ತರಬೇತಿ ಮುಗಿಸಿ ಬಂದಿದ್ದಳು.

ಪ್ರಿಯಾ ರಾತ್ರಿಯ ಅಡುಗೆ ಮಾಡುತ್ತಲೇ ಎಲ್ಲವನ್ನೂ ಜೋಡಿಸಿ ನೋಡಿದಳು. ಕಂಪಾಸ್ ತಿರುಗಿಸಿದ ಮೇಲೆ, ಹಾರಿಸುವ ಮುಂಚೆ ಯಂತ್ರ ಮುಟ್ಟುವವನು ಅವನೊಬ್ಬನೇ. ಅವನು ಗಂಗಕ್ಕನ ಕಡೆಯವನು. ಎಂಟೊಂಬತ್ತು ತಿಂಗಳಲ್ಲಿ ಅವನು ತಮ್ಮ ಮನೆಯಲ್ಲಿ ಎಷ್ಟೋ ಸಲ ಚಹಾ ಕುಡಿದಿದ್ದ, ಆದರೆ ಪ್ರತಿ ಸಲವೂ ಹೊರಗಿನ ಕಟ್ಟೆಯ ಮೇಲೆ ಕೂತು. ಒಳಗೆ ಬನ್ನಿ ಎಂದರೆ, "ಹೊರಗ ಚಲೋ ಗಾಳಿ ಐತ್ರಿ," ಎನ್ನುತ್ತಿದ್ದ. ಅವನು ಹೇಳಿದ್ದು ಗಾಳಿಯನ್ನೋ ಬೇರೆ ಯಾವುದನ್ನೋ, ಅವಳಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.

ಗಂಡ ಕ್ರಾಂತಿಕುಮಾರ್ ಹಡಗಲಿ ಮಾರ್ಗದ ಬಸ್ಸಿನ ಕಂಡಕ್ಟರ್. ಅವಳು ಹೇಳಿದ್ದನ್ನೆಲ್ಲ ಕೇಳಿ ರೊಟ್ಟಿ ಮುರಿಯುತ್ತ, "ಸಾಕ್ಷಿ ಇಲ್ದ ಬಾಯಿ ಬಿಡಬ್ಯಾಡ," ಎಂದ. "ಒಮ್ಮಿ ಹರಿದ ಟಿಕೆಟ್ ತಿರುಗಿ ಅಂಟಿಸಾಕ ಬರಂಗಿಲ್ಲ."

ಬಾಯಿ ಬಿಡಬಾರದೆಂದೇ ಅವಳು ಒಕ್ಕೂಟದ ಸಭೆಗೆ ಹೋದದ್ದು. ಆದರೆ ಅಲ್ಲಿ ಗಂಗಾಂಬಿಕಾ ಮೆತ್ತಗಿನ ದನಿಯಲ್ಲಿ, "ಪ್ರಿಯಾ, ಮನ್ಯಾಗ ಏನರ ಚಿಂತಿ ಐತೇನವ್ವಾ? ಕೈ ನಡುಗ್ತಾವಂತಲ್ಲ, ಅಯ್ನೋರು ಅಂದ್ರು," ಎಂದಳು. ಇಪ್ಪತ್ತು ಹೆಂಗಸರು ಪ್ರಿಯಾಳ ಕೈ ನೋಡಿದರು. ಮೂಲೆಯಲ್ಲಿ ಚಂದನಾ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು.

"ನನ್ನ ಕೈ ಸರಿ ಅದಾವು ಗಂಗಕ್ಕ," ಎಂದಳು ಪ್ರಿಯಾ. "ಕಂಪಾಸಿನ ಹತ್ರ ಕಬ್ಬಿಣ ತರಬಾರದು ಅಂತ ಒಂದನೇ ದಿನ ಹೇಳೀನಿ. ಹಂಪೇಶಣ್ಣನ ಬೆರಳಾಗ ಲಾಳದ ಉಂಗುರ ಐತಿ. ಎಷ್ಟು ಸಲ ಹೇಳಿದ್ರೂ ತಗದಿಲ್ಲ. ಯಾಕ ತಗಿಯಂಗಿಲ್ಲ ಅಂತ ನನಗೂ ತಿಳೀಬೇಕು."

ಮಾತು ಹೊರಬಿದ್ದ ಮೇಲೆ ಅದು ತಾನು ಅಂದುಕೊಂಡದ್ದಕ್ಕಿಂತ ಉದ್ದವಾಗಿತ್ತು ಎನಿಸಿತು.

ಬಾಗಿಲ ಬಳಿ ನಿಂತಿದ್ದ ಹಂಪೇಶ್ ಉಂಗುರ ತಿರುವಿದ. ಬರಲಿಲ್ಲ. ಬೆರಳನ್ನು ಬಾಯಿಗಿಟ್ಟು ಒದ್ದೆ ಮಾಡಿ ಎಳೆದ. ಗಂಟಿನ ಚರ್ಮ ಕಿತ್ತು ಕೆಂಪಗಾಯಿತು.

"ಶನಿಕಾಟಕ್ಕ ಅಂತ ಅವರಪ್ಪ ಹಾಕಿದ್ದದು," ಎಂದು ಯಾರೋ ಪಿಸುಗುಟ್ಟಿದರು. "ಸಾಯೋ ಮುಂದ."

ಉಂಗುರ ಬಂತು. ಅವನು ಅದನ್ನು ಗಂಗಾಂಬಿಕಾಳ ಮುಂದಿನ ಮೇಜಿನ ಮೇಲಿಟ್ಟ. "ನಾಳಿಂದ ಬ್ಯಾರೆ ಆಟೋ ನೋಡ್ಕೋರಿ ಅತ್ತಿಗಿ," ಎಂದು ಹೊರಟುಹೋದ. ಗಂಗಾಂಬಿಕಾ ಉಂಗುರವನ್ನು ಕಾಗದದಲ್ಲಿ ಸುತ್ತಿ ಒಕ್ಕೂಟದ ಉಕ್ಕಿನ ಬೀರುವಿನಲ್ಲಿಟ್ಟಳು. "ಶುಕ್ರವಾರ ಅಯ್ನೋರ ಹೊಲದಾಗ ಇನ್ನೊಮ್ಮಿ ಹಾರಿಸು. ನಾನೂ ಬರ್ತೀನಿ, ಚಂದನಾನೂ ಬರ್ತಾಳ. ಅವತ್ತೂ ಹಿಂಗಾದ್ರ ನನ್ನ ಕೇಳಬ್ಯಾಡ," ಎಂದಳು.

ಶುಕ್ರವಾರ ಬೆಳಿಗ್ಗೆ ಮಂಜಣ್ಣ ಎಂಬುವನ ಆಟೋ ಬಂತು. ಮಂಜಣ್ಣನ ಬೆರಳುಗಳು ಬರಿದಾಗಿದ್ದವು. ಪ್ರಿಯಾ ಮೊದಲು ನೋಡಿದ್ದೇ ಅದನ್ನು. ಮೊಬೈಲುಗಳು ಬುಟ್ಟಿಗೆ ಬಿದ್ದವು. ಗಂಗಾಂಬಿಕಾ ಕೈಯ ಬಳೆ ತೆಗೆಯಲೇ ಎಂದು ಕೇಳಿದಾಗ, "ಬಂಗಾರಕ್ಕ ಏನೂ ಆಗಂಗಿಲ್ಲಕ್ಕ, ದೂರ ನಿಂತ್ರ ಸಾಕು," ಎಂದಳು ಪ್ರಿಯಾ.

ಮಂಜಣ್ಣನ ಜೊತೆ ಎತ್ತಿ ಒಂದು ಸುತ್ತು, ಮೂಗು ಬಗ್ಗಿಸಿ ಇನ್ನೊಂದು ಸುತ್ತು. ಪರದೆಯ ಮೇಲೆ ಹಸಿರು ಬಂತು. ಟ್ಯಾಂಕ್ ತುಂಬಿತು. ಮಂಜಣ್ಣನಿಗೆ ಕುಲಾಯಿಯ ಸಂಗತಿ ಗೊತ್ತಿರಲಿಲ್ಲ. ಹಂಪೇಶ್ ಹೋದ ಸಲ ಬ್ಯಾಟರಿಗಳ ಜೊತೆ ಇಳಿಸಿಟ್ಟು ಹೋಗಿದ್ದ ಅದನ್ನು ಪ್ರಿಯಾಳೇ ತಂದು ಕೊಡವಿ, ಅಣಬೆಯ ತಲೆಗೆ ತೊಡಿಸಲು ಹೋದಳು.

ಬಟ್ಟೆ ಅವಳ ಬೆರಳುಗಳಿಂದ ಜಗ್ಗಿಕೊಂಡು ಹೋಯಿತು. 'ಟಕ್' ಎಂದಿತು.

ಅವಳು ಹಾಗೇ ನಿಂತಳು. ಕುಲಾಯಿಯ ಅಂಚನ್ನು ಮೆಲ್ಲಗೆ ಎತ್ತಿದಳು. ಒಳಗೇನೋ ಹಿಡಿದುಕೊಂಡ ಹಾಗೆ ತಡೆಯಿತು, ಆಮೇಲೆ ಬಿಟ್ಟಿತು. ಹತ್ತಿರ ತಂದಳು. ಮತ್ತೆ 'ಟಕ್'. ತಲೆಯ ಕೆಳಗಿನ ಎರಡು ಉಕ್ಕಿನ ಸ್ಕ್ರೂಗಳಿಗೆ ಅದು ತಾನಾಗಿಯೇ ಕಚ್ಚಿಕೊಳ್ಳುತ್ತಿತ್ತು. ಹೆಬ್ಬೆರಳಿನಿಂದ ಅಂಚನ್ನು ಒತ್ತಿ ನೋಡಿದಳು. ಎರಡು ಪದರ ಬಟ್ಟೆಯ ನಡುವೆ ಆ ಕಡೆ ಒಂದು, ಈ ಕಡೆ ಒಂದು, ಗುಂಡಗೆ, ಚಪ್ಪಟೆಯಾಗಿ, ಗಟ್ಟಿಯಾಗಿ.

ಅತ್ತೆ ಹೊಲಿಯುವ ಪರ್ಸುಗಳ ಬಾಯಿ ಮುಚ್ಚುವ ಗುಂಡಿಗಳು. ಹೊಸಪೇಟೆಯಿಂದ ಪಾಕೀಟುಗಟ್ಟಲೆ ತರಿಸುವ ಮ್ಯಾಗ್ನೆಟ್ ಗುಂಡಿಗಳು.

ಕಂಪಾಸಿಗೆ ಬೋಳುತಲೆಯಲ್ಲಿ ದಿಕ್ಕು ತೋರಿಸಿ, ಆಮೇಲೆ ಅದರ ಕಿವಿಗೇ ಎರಡು ಮ್ಯಾಗ್ನೆಟ್ ಕಟ್ಟಿ ಹಾರಲು ಬಿಟ್ಟಿದ್ದರು. ಎರಡು ಸಲವೂ. ರಿಪೇರಿಯ ಶ್ರೀನಿವಾಸ ಹಾರಿಸಿ ನೋಡಿದ ದಿನ ಕುಲಾಯಿ ಹಂಪೇಶನ ಆಟೋದ ಸೀಟಿನಡಿಯಲ್ಲಿತ್ತು.

"ಏನಾತವ್ವಾ?" ಬದುವಿನಿಂದ ಗಂಗಾಂಬಿಕಾ ಕೇಳಿದಳು.

"ಏನಿಲ್ಲಕ್ಕ." ಪ್ರಿಯಾ ಕುಲಾಯಿಯನ್ನು ಮಡಚಿ ಅಂಗೈಯಲ್ಲಿ ಮುಚ್ಚಿಕೊಂಡು ಮೂವತ್ತು ಹೆಜ್ಜೆ ನಡೆದು ಬುಟ್ಟಿಯಲ್ಲಿ ಹಾಕಿದಳು. ತಿರುಗಿ ಬರುವಾಗ ಚಂದನಾ ದಾರಿಗೆ ಬಂದು ನಿಂತಿದ್ದಳು.

"ಅಕ್ಕ, ಇವತ್ತು ಕುಲಾಯಿ ಹಾಕಂಗಿಲ್ಲೇನು? ದಿನಾ ಹಾಕ್ತೀರಿ ಅಂತಿದ್ರು."

"ಗಾಳಿ ಇಲ್ಲಲ್ಲ. ಧೂಳಿಲ್ಲ."

ಚಂದನಾ ಮೆಕ್ಕೆಜೋಳದ ಗರಿಗಳನ್ನು ನೋಡಿದಳು. ಅವು ಒಂದೇ ಸಮ ಅಲ್ಲಾಡುತ್ತಿದ್ದವು.

ಡ್ರೋನ್ ಎದ್ದಿತು, ನಿಂತಿತು. ಪ್ರಿಯಾ ಕಡ್ಡಿಗಳಿಂದ ಬೆರಳು ತೆಗೆದಳು. ಅದು ಅಲ್ಲಾಡಲಿಲ್ಲ. ಆಮೇಲೆ ಕೂರಿಗೆ ಹೊಡೆದ ಹಾಗೆ ಸಾಲು ಹಿಡಿದು ಹೋಯಿತು, ಬದುವಿನಲ್ಲಿ ತಿರುಗಿತು, ಪಕ್ಕದ ಸಾಲು ಹಿಡಿದು ಬಂತು. ಮೂರು ಎಕರೆ ಮುಗಿದು ಅದು ಎದ್ದ ಜಾಗಕ್ಕೇ ಬಂದು ಕೂತಾಗ ವೀರಭದ್ರಯ್ಯ ಕೈತಟ್ಟಿದರು.

"ನೋಡಿದ್ಯಾ ಗಂಗವ್ವಾ, ಕೈ ಬದಲಾತು, ಯಂತ್ರ ಬುದ್ಧಿ ಕಲೀತು. ಬೇಲಿನ ಎದ್ದು ಹೊಲ ಮೇದಂಗ ಮಾಡಿದ್ನಲ್ಲ ಅವ!"

ಗಂಗಾಂಬಿಕಾಳ ಮುಖ ಸಣ್ಣದಾಯಿತು. "ನಮ್ಮವ ಅಂತ ನಂಬಿದ್ದೆ," ಎಂದಳು. "ನಿನ್ನ ಮ್ಯಾಲ ಅನುಮಾನ ಪಟ್ಟೆ. ತಪ್ಪು ತಿಳ್ಕೋಬ್ಯಾಡ ತಂಗಿ. ಸೋಮವಾರ ಸಭಾದಾಗ ನಾನ ಹೇಳ್ತೀನಿ, ಇನ್ನ ಅವನ ಆಟೋ ಒಕ್ಕೂಟದ ಯಾವ ಕೆಲಸಕ್ಕೂ ಬ್ಯಾಡ ಅಂತ."

ಪ್ರಿಯಾ ರಿಮೋಟಿನ ಬೆಲ್ಟನ್ನು ಕುತ್ತಿಗೆಯಿಂದ ತೆಗೆಯುತ್ತಿದ್ದಳು. ಅದು ಕೂದಲಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಅವಳು ಮನೆಗೆ ಬಂದಾಗ ಪಕ್ಕೀರಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಪರ್ಸಿಗೆ ಅಸ್ತರು ಕೊಡುತ್ತಿದ್ದಳು. ಗೋಡೆಯ ಮೇಲಿನ ಬುದ್ಧನ ಫೋಟೊದ ಕೆಳಗೆ, ಸ್ಟೀಲ್ ತಟ್ಟೆಯಲ್ಲಿ ಗುಂಡಿಗಳು ಒಂದಕ್ಕೊಂದು ಕಚ್ಚಿಕೊಂಡು ಉಂಡೆಯಾಗಿದ್ದವು. ಪ್ರಿಯಾ ಕುಲಾಯಿಯನ್ನು ಅವಳ ತೊಡೆಯ ಮೇಲಿಟ್ಟಳು.

"ಅತ್ತಿ, ಇದರಾಗ ಗುಂಡಿ ಹಾಕೀರೇನು?"

"ಹೂಂ ಮತ್ತ. ಲಾಡಿ ಕಿತ್ತು ರೆಕ್ಕಿಗೆ ಸಿಕ್ರ ಏನ್ ಗತಿ ಅಂತ ಹಾಕೀನಿ. ಈಗ ಬಿರುಗಾಳಿ ಬಂದ್ರೂ ಹಾರಂಗಿಲ್ಲ ನೋಡು." ಪಕ್ಕೀರಮ್ಮ ಹೆಮ್ಮೆಯಿಂದ ಅಂಚನ್ನು ಬಿಡಿಸಿ ತೋರಿಸಿದಳು. "ಹೊಲಿಗಿ ಹೊರಗ ಕಾಣತೈತೇನು? ಕಾಣಂಗಿಲ್ಲ."

"ನನಗ ಹೇಳಬೇಕಿಲ್ಲೇನು?"

"ಕುಲಾಯಿಗೆ ಗುಂಡಿ ಹಚ್ಚಿದ್ದೂ ಹೇಳ್ತಾರೇನವ್ವಾ? ನೀವು ಹಂಪಸಾಗರಕ್ಕ ಹೋಗೋ ಹಿಂದಿನ ದಿನ, ನೀನು ಹೊಸಪ್ಯಾಟಿಗೆ ಹೋಗಿದ್ದಿ. ಹಂಪೇಶಗ ಗೊತ್ತೈತಲ್ಲ, ಅವನ ಮುಂದ ಹೊಲಿದೆ."

"ಹಂಪೇಶಣ್ಣ? ಕಟ್ಟಿ ಮ್ಯಾಲ ಕುಂತಿದ್ನಾ?"

"ಕಟ್ಟಿ ಮ್ಯಾಲ ಕುಂತ್ರ ಬೆಳಕು ಯಾರು ಹಿಡೀಬೇಕು? ಕರೆಂಟ್ ಇರಲಿಲ್ಲ. ಇಲ್ಲೇ ಕುಂತಿದ್ದ, ಈ ಚಾಪಿ ಮ್ಯಾಲ. ಸೂಜಿಗೆ ದಾರ ಪೋಣಿಸಿಕೊಟ್ಟ, ನನಗ ಎಲ್ಲಿ ಕಾಣಬೇಕು. ಗುಂಡಿ ಬಿಗಿ ಐತೋ ಇಲ್ಲೋ ಅಂತ ತನ್ನ ಉಂಗುರಕ್ಕ ಹಿಡದು ನೋಡಿದ." ಅವಳು ಸೊಸೆಯ ಮುಖ ನೋಡಿ ಕಾಲು ತಡೆದು ಯಂತ್ರ ನಿಲ್ಲಿಸಿದಳು. "ಯಾಕ? ಏನಾತು?"

"ಏನಿಲ್ಲತ್ತಿ," ಎಂದಳು ಪ್ರಿಯಾ. ಆ ಮಾತನ್ನು ಆ ದಿನ ಎರಡನೆಯ ಸಲ ಹೇಳಿದ್ದಳು.

ಆ ರಾತ್ರಿ ಅವಳು ಬೇರೆ ಲೆಕ್ಕ ಹಾಕಿದಳು. ಗುಂಡಿ ಮ್ಯಾಗ್ನೆಟ್ ಎಂದು ಅವನಿಗೆ ಗೊತ್ತಿತ್ತು. ಮೊಬೈಲು, ಪಿನ್ನು, ಕೀಲಿ ಎಲ್ಲ ದೂರ ಇಡಿ ಎಂದು ಒಂಬತ್ತು ತಿಂಗಳು ತಾನು ಅವನೆದುರೇ ಒದರಿದ್ದಳು. ಅದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಲು ಅವನಿಗೆ ಬರಲಿಲ್ಲವೋ, ಕೂಡಿಸಿಯೇ ಸುಮ್ಮನಿದ್ದನೋ? ಹಾಗೆ ಸುಮ್ಮನಿದ್ದವನು ಸಭೆಯಲ್ಲಿ ಬೆರಳಿನ ಚರ್ಮ ಕೀಳಿಸಿಕೊಂಡದ್ದು ಏಕೆ? ಒಂದೇ ಒಂದು ಮಾತಿನಲ್ಲಿ ತನ್ನ ಬಾಯಿ ಮುಚ್ಚಿಸಬಹುದಿತ್ತು. ನಿಮ್ಮ ಅತ್ತೆಯ ಕುಲಾಯಿ ನೋಡ್ರಿ ಅಂದಿದ್ದರೆ ಸಾಕಿತ್ತು. ಇಪ್ಪತ್ತು ಹೆಂಗಸರು ಆಗ ಪಕ್ಕೀರಮ್ಮನ ಹೆಸರನ್ನು ಹೇಗೆ ಬಾಯಲ್ಲಿ ಹಾಕಿಕೊಳ್ಳುತ್ತಿದ್ದರು ಎಂಬುದು ಪ್ರಿಯಾಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತೇ?

ಭಾನುವಾರ ಅವಳು ಹಗರಿಬೊಮ್ಮನಹಳ್ಳಿಗೆ ಹೋದಳು. ಆಟೋ ನಿಲ್ದಾಣದಲ್ಲಿ ಹಂಪೇಶ್ ಕೊಟ್ಟೂರಿಗೆ ಹೋಗುವ ಈರುಳ್ಳಿ ಚೀಲಗಳಿಗೆ ಹಗ್ಗ ಬಿಗಿಯುತ್ತಿದ್ದ. ಉಂಗುರವಿದ್ದ ಜಾಗದಲ್ಲಿ ಬೆರಳಿಗೆ ಬಿಳಿ ಪಟ್ಟಿ, ಗಂಟಿನ ಮೇಲೆ ಒಣಗಿದ ಗಾಯ.

"ಬರ್ರಿ ಅಕ್ಕಾರ," ಎಂದ, ಹಗ್ಗ ಬಿಡದೆ.

"ಹಂಪೇಶಣ್ಣ, ಕುಲಾಯಿಯೊಳಗ ಮ್ಯಾಗ್ನೆಟ್ ಐತಿ."

"ಐತ್ರಿ."

"ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಮತ್ಯಾಕ ಹೇಳಲಿಲ್ಲ?"

ಅವನು ಹಗ್ಗದ ತುದಿಯನ್ನು ಕೊಂಡಿಯಲ್ಲಿ ತೂರಿಸಿ ಎಳೆದ. "ನೀವು ಉಂಗುರದ ಬಗ್ಗೆ ಕೇಳಿದ್ರಿ. ಉಂಗುರ ಕೊಟ್ಟೆ. ಕುಲಾಯಿ ಬಗ್ಗೆ ಯಾರೂ ಕೇಳಲಿಲ್ಲಲ್ರಿ."

"ಅದರಿಂದ ಹಿಂಗಾಗತೈತಿ ಅಂತ ಗೊತ್ತಿತ್ತೇನು ನಿಮಗ?"

ಅವನು ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಆ ನೋಟದಲ್ಲಿ ಏನಿತ್ತೆಂದು ಪ್ರಿಯಾ ಆಮೇಲೆ ಎಷ್ಟು ಸಲ ನೆನೆದರೂ ಹೇಳಲಾಗಲಿಲ್ಲ. "ಕಲಿತೋರು ನೀವು," ಎಂದ. ಆಮೇಲೆ, "ಅಮ್ಮನ ಕಣ್ಣು ಡಾಕ್ಟರಿಗೆ ತೋರಸ್ರಿ ಒಮ್ಮಿ. ದಾರ ಪೋಣಸಾಕ ಬರಂಗಿಲ್ಲ ಅವರಿಗೆ," ಎಂದು ಆಟೋ ಹತ್ತಿದ.

ಸೋಮವಾರ ಸಭೆಗೆ ಇನ್ನೂ ಒಂದು ಗಂಟೆ ಇರುವಾಗಲೇ ಪ್ರಿಯಾ ಒಕ್ಕೂಟದ ಕಚೇರಿಗೆ ಬಂದಳು. ಕೀಲಿ ಚಂದನಾಳ ಕೈಯಲ್ಲಿತ್ತು. ಅವಳು ಕಸ ಗುಡಿಸಿ, ಫ್ಯಾನ್ ಹಾಕಿ, ಕುರ್ಚಿ ಸಾಲು ಮಾಡುತ್ತಿದ್ದಳು. ಪ್ರಿಯಾಳ ಕೈಯಲ್ಲಿ ಒಂದು ಹಾಳೆಯಿತ್ತು. ಅದಕ್ಕೂ ಮುಂಚೆ ಮೂರು ಹಾಳೆ ಬರೆದು ಹರಿದಿದ್ದಳು. ಮೊದಲನೆಯದರಲ್ಲಿ "ನಮ್ಮ ಅತ್ತೆಯವರು ತಿಳಿಯದೆ" ಎಂದಿತ್ತು. ಎರಡನೆಯದರಲ್ಲಿ "ಮನೆಯವರ ಕಣ್ತಪ್ಪಿನಿಂದ". ಮೂರನೆಯದರಲ್ಲಿ "ಯಾರದೂ ತಪ್ಪಿಲ್ಲದೆ". ಈಗಿನದರಲ್ಲಿ ಅವಳ ಹೆಸರೊಂದೇ ಇತ್ತು. ಯಂತ್ರದ ತಲೆಗೆ ಏನು ತೊಡಿಸುತ್ತಿದ್ದೇನೆ ಎಂದು ಹಾರಿಸುವ ಮುಂಚೆ ನೋಡಬೇಕಾದದ್ದು ನನ್ನ ಕೆಲಸ, ಕುಲಾಯಿಯೊಳಗೆ ಮ್ಯಾಗ್ನೆಟ್ ಇದ್ದದ್ದನ್ನು ಎರಡು ಸಲವೂ ನಾನು ನೋಡಲಿಲ್ಲ, ಹಂಪೇಶ್ ಅವರ ಉಂಗುರಕ್ಕೂ ಇದಕ್ಕೂ ಸಂಬಂಧವಿಲ್ಲ, ಸಭೆಯಲ್ಲಿ ನಾನು ಆಡಿದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಅಷ್ಟೇ. ಶುಕ್ರವಾರ ಸುಳ್ಳು ಹೇಳಿದ್ದನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದಳು.

ಕುಲಾಯಿಯಿಂದ ಬಿಚ್ಚಿದ ಎರಡು ಗುಂಡಿಗಳನ್ನು ಚೀಲದಿಂದ ತೆಗೆದು, ಬರುವವರೆಲ್ಲರ ಕಣ್ಣಿಗೆ ಬೀಳುವ ಹಾಗೆ ಹಾಳೆಯನ್ನು ಉಕ್ಕಿನ ಬೀರುವಿನ ಬಾಗಿಲಿಗೆ ಹಚ್ಚಿದಳು. ಟಕ್. ಟಕ್.

ಚಂದನಾ ಕುರ್ಚಿ ಬಿಟ್ಟು ಬಂದು ಓದಿದಳು. ಓದುವಾಗ ತುಟಿ ಅಲ್ಲಾಡಿತು. ಮುಗಿಸಿ, ಮತ್ತೆ ಮೊದಲಿಂದ ಓದಿದಳು.

"ಇದನ್ನ ನೋಡಿದ್ರ ಡ್ರೋನ್ ನನಗ ಕೊಡ್ತಾರಕ್ಕ," ಎಂದಳು ಕೊನೆಗೆ. ಅದು ಖುಷಿಯೋ ಹೆದರಿಕೆಯೋ ಪ್ರಿಯಾಳಿಗೆ ತಿಳಿಯಲಿಲ್ಲ.

"ಬೀರು ತಗಿ."

ಚಂದನಾ ಕೀಲಿ ತಿರುವಿದಳು. ಬಾಗಿಲಿನ ಜೊತೆ ಹಾಳೆಯೂ ತಿರುಗಿತು. ಒಳಗಿನ ಮೇಲಿನ ಅರೆಯಲ್ಲಿ, ರಸೀದಿ ಪುಸ್ತಕಗಳ ಪಕ್ಕ, ಸಣ್ಣ ಪೊಟ್ಟಣ. ಪ್ರಿಯಾ ಕಾಗದ ಬಿಡಿಸಿ ಉಂಗುರವನ್ನು ಅಂಗೈಗೆ ಹಾಕಿಕೊಂಡಳು. ಅವಳು ಅಂದುಕೊಂಡಿದ್ದಕ್ಕಿಂತ ಹಗುರವಾಗಿತ್ತು. ಒಳಮೈ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು.

ಬಾಗಿಲು ಮುಚ್ಚಿ, ಉಂಗುರವನ್ನು ಎಡಗಡೆಯ ಗುಂಡಿಯ ಹತ್ತಿರ ಹಿಡಿದಳು. ಅದು ಬೆರಳುಗಳ ನಡುವಿನಿಂದ ತಾನಾಗಿಯೇ ಹೋಗಿ ಕಚ್ಚಿಕೊಂಡಿತು.

ಹೊರಗೆ ಚಪ್ಪಲಿ ಬಿಡುವ ಸದ್ದು, ಗಂಗಾಂಬಿಕಾ ಯಾರ ಜೊತೆಗೋ ಮಾತಾಡುತ್ತ ಮೆಟ್ಟಿಲು ಹತ್ತುವ ಸದ್ದು. ಫ್ಯಾನಿನ ಗಾಳಿಗೆ ಹಾಳೆಯ ಕೆಳಗಿನ ಅಂಚು ಎದ್ದು ಎದ್ದು ಬೀರುವಿಗೆ ಬಡಿಯುತ್ತಿತ್ತು. ಉಂಗುರ ಅಲ್ಲಾಡಲಿಲ್ಲ.